ಕೊಳಗದಿಂದ ಶುರುವಾದ ಹೋರಾಟ

1951ರ ಏಪ್ರಿಲ್. ಮಲೆನಾಡಿನ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ತಿರುಗಿಬಿದ್ದರು. ತಕರಾರು ಇದ್ದದ್ದು ಭತ್ತ ಅಳೆಯುವ ಕೊಳಗದ ಬಗ್ಗೆ. ಗೇಣಿ ಪಡೆಯುವಾಗ ಜಮೀನಿನ ಒಡೆಯರು ದೊಡ್ಡ ಕೊಳಗ ಬಳಸುತ್ತಿದ್ದರು.

ಮಲೆನಾಡಿನ ಬಡತನಕ್ಕೆ ಮಳೆಯ ಕೊರತೆ ಕಾರಣವಾಗಿರಲಿಲ್ಲ, ಗದ್ದೆ ಬೆಳೆಯುತ್ತಿತ್ತು. ಆದರೆ ಸುಗ್ಗಿ ಮುಗಿದೊಡನೆ ಬೆಳೆಯ ದೊಡ್ಡ ಪಾಲು ಒಡೆಯರ ಕಣಜ ಸೇರುತ್ತಿತ್ತು. ಮಳೆಗಾಲದಲ್ಲಿ ಉಣ್ಣಲು ಅದೇ ಭತ್ತವನ್ನು ಸಾಲ ತರಬೇಕು, ಮುಂದಿನ ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಅಳೆಯಬೇಕು. ಎದುರಾಡಿದರೆ ಗದ್ದೆ ಕೈತಪ್ಪುವ ಭಯ. ಹೀಗೆ ಸಾಲ ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು. ಕಾಗೋಡಿನಲ್ಲಿ ಎಚ್. ಗಣಪತಿಯಪ್ಪ ಸಂಘಟಿಸಿದ ದೀವರ ಸಮುದಾಯದ ರೈತರ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಬೆಂಬಲವಾಗಿ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕಾಗೋಡಿಗೇ ಬಂದು ಬಂಧನಕ್ಕೊಳಗಾದರು.

ಕಾನೂನು ಬಂದದ್ದು ನಿಧಾನವಾಗಿ. 1961ರ ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965ರಲ್ಲಿ. ಅದರಲ್ಲೂ ಒಡೆಯರಿಗೆ ನುಸುಳಲು ದಾರಿಗಳಿದ್ದವು.

ನಿಜವಾದ ತಿರುವು ಮುಖ್ಯಮಂತ್ರಿ ದೇವರಾಜ ಅರಸರ ಕಾಲದ್ದು. ಕಾಯ್ದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರದ ವಶವಾಯಿತು. ಸಾಗುವಳಿ ಮಾಡುತ್ತಿದ್ದವರು 7ನೇ ನಮೂನೆಯ ಅರ್ಜಿ ಸಲ್ಲಿಸಿ ಹಕ್ಕು ಕೇಳಬಹುದಿತ್ತು. ಅರ್ಜಿಗಳನ್ನು ತಾಲ್ಲೂಕಿನ ಭೂನ್ಯಾಯಮಂಡಳಿಗಳು ವಿಚಾರಿಸಿದವು. ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಹಣವಂತರ ಬಲ ತಗ್ಗಿಸಿದ ಈ ನಿಯಮವೇ ಇಡೀ ಸುಧಾರಣೆಯ ಜಾಣ ಹೆಜ್ಜೆ.

ಕರಾವಳಿ, ಮಲೆನಾಡುಗಳ ಗೇಣಿದಾರರು ಇದರಿಂದ ಭೂಮಾಲೀಕರಾದರು, ಅವರ ಮಕ್ಕಳು ಶಾಲೆ ಕಂಡರು. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ದಲಿತ ಕುಟುಂಬಗಳಿಗೆ 7ನೇ ನಮೂನೆಯಿಂದ ಏನೂ ದಕ್ಕಲಿಲ್ಲ. ಒಡೆತನಕ್ಕೆ ಕಾಯ್ದೆ ಹಾಕಿದ ಮಿತಿಯನ್ನು ಮೀರಿದ್ದ ಜಮೀನಿನ ಹಂಚಿಕೆಯಲ್ಲೂ ಅವರಿಗೆ ಸಿಕ್ಕದ್ದು ತೀರ ಕಡಿಮೆ.