ಗರ್ಭಧಾರಣೆಗೆ ಸೂಕ್ತ ದಿನಗಳು: ಲೆಕ್ಕ ಹಾಕುವುದು ಹೇಗೆ?

ಮಗುವಿನ ನಿರೀಕ್ಷೆಯಲ್ಲಿರುವ ಅನೇಕ ದಂಪತಿಗಳು ಮುಟ್ಟಾದ 14ನೆಯ ದಿನವನ್ನೇ ಗುರುತು ಹಾಕಿಕೊಂಡು ಕಾಯುತ್ತಾರೆ. ಮತ್ತೆ ಮುಟ್ಟು ಕಾಣಿಸಿಕೊಂಡಾಗ ನಿರಾಶರಾಗುತ್ತಾರೆ. ವಾಸ್ತವವಾಗಿ 14ನೆಯ ದಿನವೆಂಬುದು 28 ದಿನಗಳ ಋತುಚಕ್ರಕ್ಕೆ ಮಾತ್ರ ಹೊಂದುವ ಅಂದಾಜು. ಋತುಚಕ್ರದ ಅವಧಿ ಎಲ್ಲ ಸ್ತ್ರೀಯರಲ್ಲಿಯೂ ಒಂದೇ ಆಗಿರುವುದಿಲ್ಲ.

ಎಣಿಕೆ ಹಿಂದಿನಿಂದ
ಅಂಡೋತ್ಪತ್ತಿಯು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಆಗುತ್ತದೆಂಬುದನ್ನು 1920ರ ದಶಕದಲ್ಲಿ ಜಪಾನಿನ ವೈದ್ಯ ಕ್ಯೂಸಾಕು ಒಗಿನೊ ಹಾಗೂ ಆಸ್ಟ್ರಿಯಾದ ವೈದ್ಯ ಹರ್ಮನ್ ಕ್ನಾಸ್ ಪ್ರತ್ಯೇಕವಾಗಿ ಕಂಡುಕೊಂಡರು. ಅದರಂತೆ 24 ದಿನಗಳ ಚಕ್ರದಲ್ಲಿ 10ನೆಯ ದಿನದ ಸುಮಾರಿಗೆ, 35 ದಿನಗಳ ಚಕ್ರದಲ್ಲಿ 21ನೆಯ ದಿನದ ಸುಮಾರಿಗೆ ಅಂಡಾಣು ಬಿಡುಗಡೆಯಾಗುತ್ತದೆ.

ಆರು ದಿನಗಳ ಅವಕಾಶ
ಬಿಡುಗಡೆಯಾದ ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣುಗಳಾದರೋ ಸ್ತ್ರೀಯ ದೇಹದಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲವು. ಆದ್ದರಿಂದ ಅಂಡೋತ್ಪತ್ತಿಯ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನಗಳು ಫಲವಂತಿಕೆಯ ದಿನಗಳು. ಇವುಗಳಲ್ಲಿ ಕೊನೆಯ ಮೂರು ದಿನಗಳು ಹೆಚ್ಚು ಅನುಕೂಲಕರ. ಅಂಡೋತ್ಪತ್ತಿ ಖಚಿತವಾಗಲೆಂದು ಕಾಯುತ್ತ ಕುಳಿತರೆ ಸಮಯ ಮೀರಿಹೋಗುತ್ತದೆ.

ಕ್ಯಾಲೆಂಡರ್ ವಿಧಾನ
ರಕ್ತಸ್ರಾವ ಆರಂಭವಾದ ದಿನವೇ ಚಕ್ರದ ಮೊದಲ ದಿನ. ಕನಿಷ್ಠ ಆರು ತಿಂಗಳ ಚಕ್ರಗಳ ಅವಧಿಯನ್ನು ಬರೆದಿಟ್ಟುಕೊಳ್ಳಬೇಕು. ಅತಿ ಕಿರಿದಾದ ಚಕ್ರದಿಂದ 18ನ್ನೂ ಅತಿ ದೀರ್ಘವಾದ ಚಕ್ರದಿಂದ 11ನ್ನೂ ಕಳೆಯಬೇಕು. ಉದಾಹರಣೆಗೆ, ಚಕ್ರಗಳು 26ರಿಂದ 32 ದಿನಗಳಾಗಿದ್ದರೆ 8ನೆಯ ದಿನದಿಂದ 21ನೆಯ ದಿನದವರೆಗೆ ಗರ್ಭ ನಿಲ್ಲುವ ಸಾಧ್ಯತೆಯುಂಟು.

ದೇಹದ ಸೂಚನೆಗಳು
ಅಂಡೋತ್ಪತ್ತಿ ಸಮೀಪಿಸಿದಂತೆ ಯೋನಿಸ್ರಾವವು ಕೋಳಿಮೊಟ್ಟೆಯ ಹಸಿ ಬಿಳಿಭಾಗದಂತೆ ತಿಳಿಯಾಗಿ, ಎಳೆದರೆ ಎಳೆಯಾಗುವಂತಿರುತ್ತದೆ. ಖರ್ಚಿಲ್ಲದ ಉತ್ತಮ ಸೂಚನೆಯಿದು. ಬೆಳಿಗ್ಗೆ ಏಳುವ ಮುನ್ನ ಅಳೆದ ದೇಹದ ಉಷ್ಣತೆ ಅಂಡೋತ್ಪತ್ತಿಯ ನಂತರ ಅಲ್ಪ ಪ್ರಮಾಣದಲ್ಲಿ ಏರುತ್ತದೆ. ಇದು ಮುಂದಿನ ತಿಂಗಳ ಅಂದಾಜಿಗಷ್ಟೇ ಉಪಯುಕ್ತ. ಔಷಧಿ ಅಂಗಡಿಗಳಲ್ಲಿ ದೊರೆಯುವ ಮೂತ್ರಪರೀಕ್ಷೆಯ ಪಟ್ಟಿಗಳು ಎಲ್‌ಎಚ್ ಹಾರ್ಮೋನಿನ ಏರಿಕೆಯನ್ನು ತೋರಿಸುತ್ತವೆ. ಆ ಬಳಿಕ ಸಾಮಾನ್ಯವಾಗಿ ಒಂದೂವರೆ ದಿನದೊಳಗೆ ಅಂಡಾಣು ಬಿಡುಗಡೆಯಾಗುತ್ತದೆ. ಪಿಸಿಓಎಸ್ ಸಮಸ್ಯೆ ಇರುವವರಲ್ಲಿ ಈ ಪಟ್ಟಿಗಳು ತಪ್ಪು ಫಲಿತಾಂಶ ನೀಡಬಹುದು.

ಲೆಕ್ಕಾಚಾರ ಕಷ್ಟವೆನಿಸಿದರೆ, ಮುಟ್ಟು ನಿಂತ ಬಳಿಕ ದಿನ ಬಿಟ್ಟು ದಿನ ದಂಪತಿಗಳು ಕೂಡಿದರೂ ಸಾಕು. ವೀರ್ಯ ವೃದ್ಧಿಯಾಗಲೆಂದು ಹಲವು ದಿನ ದೂರವಿರುವ ಅಗತ್ಯವಿಲ್ಲ. ಗರ್ಭಕ್ಕೆ ಪ್ರಯತ್ನಿಸುವ ಸ್ತ್ರೀ ಪ್ರತಿದಿನ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸುವುದು ಒಳಿತು.

ವೈದ್ಯರನ್ನು ಕಾಣುವುದು ಯಾವಾಗ?
ದಿನಗಳು ಸರಿಯಾಗಿದ್ದರೂ ಪ್ರತಿ ತಿಂಗಳು ಗರ್ಭ ನಿಲ್ಲುವುದಿಲ್ಲ. ಆರೋಗ್ಯವಂತ ಯುವ ದಂಪತಿಗಳಲ್ಲಿಯೂ ಆ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು ಮಾತ್ರ. ಒಂದು ವರ್ಷ ಪ್ರಯತ್ನಿಸಿದರೂ ಫಲ ಕಾಣದಿದ್ದರೆ, ಸ್ತ್ರೀಯ ವಯಸ್ಸು 35 ದಾಟಿದ್ದಲ್ಲಿ ಆರು ತಿಂಗಳ ನಂತರ, ವೈದ್ಯರನ್ನು ಕಾಣಬೇಕು. ಮುಟ್ಟು ಅನಿಯಮಿತವಾಗಿದ್ದರೆ ಅಷ್ಟು ಕಾಯಬೇಕಾಗಿಲ್ಲ.

ಬಂಜೆತನವೆಂದೊಡನೆ ಹೆಣ್ಣಿನ ಮೇಲೆ ದೋಷ ಹೊರಿಸುವ ರೂಢಿ ಇನ್ನೂ ಅಳಿದಿಲ್ಲ. ಆದರೆ ಗಂಡಿನಲ್ಲಿಯೂ ಕಾರಣವಿರುವುದು ಸಾಮಾನ್ಯ. ವೀರ್ಯಪರೀಕ್ಷೆ ಸರಳವಾದುದು, ನೋವಿಲ್ಲದ್ದು. ಹೆಂಡತಿಯೊಬ್ಬಳನ್ನೇ ವರ್ಷಗಟ್ಟಲೆ ಚಿಕಿತ್ಸೆಗೆ ಒಳಪಡಿಸುವ ಬದಲು, ಆರಂಭದಲ್ಲಿಯೇ ಇಬ್ಬರೂ ಜೊತೆಯಾಗಿ ಪರೀಕ್ಷಿಸಿಕೊಂಡರೆ ಅಮೂಲ್ಯ ಸಮಯ ಉಳಿಯುತ್ತದೆ.