ಹುಸರ್ಲನ ದರ್ಶನದಲ್ಲಿ ಗ್ರೀಕರ ಋಣ: ‘ಎಪೊಖೆ’ ಶಬ್ದದ ವಿಚಾರ

ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ಫಿನಾಮೆನಾಲಜಿ ಎಂಬ ಹೆಸರಿನಿಂದ ಪ್ರಸಿದ್ಧವಾದ ದರ್ಶನಪ್ರಸ್ಥಾನಕ್ಕೆ ಎಡ್ಮಂಡ್ ಹುಸರ್ಲನು ಪ್ರವರ್ತಕನು. ಈ ಹೆಸರಿಗೆ ಮೂಲವಾದ ‘ಫೈನೊಮೆನಾನ್’ ಎಂಬ ಗ್ರೀಕ್ ಶಬ್ದಕ್ಕೆ ತೋರಿಬರುವುದು ಎಂದರ್ಥ. ಇದನ್ನು ‘ಪ್ರತಿಭಾಸ’ವೆಂದು ಕನ್ನಡಿಸಿದರೆ ವೇದಾಂತವನ್ನೋದಿದವರಿಗೆ ಒಡನೆಯೇ ಶುಕ್ತಿರಜತವು ನೆನಪಾಗಿ, ತೋರುವುದೆಲ್ಲ ಮಿಥ್ಯೆಯೆಂಬ ಭಾವನೆಯುಂಟಾದೀತು, ಹುಸರ್ಲನ ಪ್ರಯೋಗದಲ್ಲಿ ಅಂತಹ ತಿರಸ್ಕಾರವಿಲ್ಲದ ಕಾರಣ ‘ತೋರುವಿಕೆ’ ಎಂಬ ದೇಶ್ಯಪದವೇ ಲೇಸು.

ಹುಸರ್ಲನಿಗೆ ಗ್ರೀಕರ ಋಣವು ಮೊದಲು ಗುರುಮುಖದಿಂದ ಬಂದಿತು. ಅರಿಸ್ಟಾಟಲನ ‘ಸತ್’ ಪದದ ನಾನಾರ್ಥಗಳನ್ನು ಕುರಿತು ೧೮೬೨ರಲ್ಲಿ ಪ್ರಬಂಧವನ್ನು ಬರೆದ ಫ್ರಾಂಟ್ಸ್ ಬ್ರೆಂಟಾನೊ, ಚಿತ್ತವೃತ್ತಿಯೆಲ್ಲವೂ ಒಂದಲ್ಲ ಒಂದು ವಿಷಯದ ಕಡೆಗೆ ಮುಖ ಮಾಡಿಕೊಂಡಿರುವುದೆಂದು ೧೮೭೪ರಲ್ಲಿ ಪ್ರತಿಪಾದಿಸಿದನು. ವಿಯೆನ್ನಾದಲ್ಲಿ ೧೮೮೪ರಿಂದ ೧೮೮೬ರವರೆಗೆ ಆತನ ಪಾಠಗಳನ್ನು ಕೇಳಿದವನು ಹುಸರ್ಲನು. ಇದರಲ್ಲಿ ವಿವಾದವಿಲ್ಲ.

‘ಎಪೊಖೆ’ ಎಂಬ ಪದದ ಋಣವು ಇಷ್ಟು ಸರಳವಾದುದಲ್ಲ. ಇದಕ್ಕೆ ತಡೆಹಿಡಿಯುವಿಕೆ ಎಂದರ್ಥ; ಪಕ್ಷ ಪ್ರತಿಪಕ್ಷಗಳ ಬಲವು ಸಮವಾಗಿ ಕಂಡಾಗ ಯಾವ ಕಡೆಗೂ ನಿರ್ಣಯವನ್ನು ಕೊಡದೆ ನಿಲ್ಲುವುದನ್ನು ಗ್ರೀಕ್ ಸಂಶಯವಾದಿಗಳು ಹೀಗೆ ಕರೆದರು. ಅವರ ಮತವನ್ನು ವಿಸ್ತಾರವಾಗಿ ಬರೆದಿಟ್ಟಿರುವ ಸೆಕ್ಸ್ಟಸ್ ಎಂಪಿರಿಕಸನು ಜೇನಿನ ದೃಷ್ಟಾಂತವನ್ನು ಕೊಡುತ್ತಾನೆ: ಜೇನು ಸಿಹಿಯಾಗಿ ತೋರುವುದನ್ನು ಸಂಶಯವಾದಿಯು ಒಪ್ಪುತ್ತಾನೆ, ಅದು ಸ್ವರೂಪತಃ ಸಿಹಿಯೇ ಎಂಬಲ್ಲಿ ಮಾತ್ರ ನಿರ್ಣಯವನ್ನು ತಡೆಯುತ್ತಾನೆ. ಇದರಿಂದ ಫಲವೇನು? ಅಪೆಲ್ಲೀಸನೆಂಬ ಚಿತ್ರಕಾರನು ಕುದುರೆಯ ಬಾಯ ನೊರೆಯನ್ನು ಬರೆಯಲಾರದೆ ಬೇಸತ್ತು, ಕುಂಚದ ಬಣ್ಣವನ್ನೊರೆಸುವ ಸ್ಪಂಜನ್ನು ಚಿತ್ರದ ಮೇಲೆ ಎಸೆಯಲು, ಅದು ತಗುಲಿದಲ್ಲಿ ನೊರೆಯು ತಾನಾಗಿ ಮೂಡಿತಂತೆ. ಹಾಗೆಯೇ ನಿರ್ಣಯವನ್ನು ಬಿಟ್ಟವನನ್ನು ‘ಅತರಾಕ್ಸಿಯ’ ಎಂಬ ಚಿತ್ತಶಾಂತಿಯು ನೆರಳಿನಂತೆ ಹಿಂಬಾಲಿಸುವುದೆಂದು ಸೆಕ್ಸ್ಟಸನ ಅಭಿಪ್ರಾಯ.

೧೯೧೩ರ ‘ಇಡೀನ್’ ಗ್ರಂಥದಲ್ಲಿ ಹುಸರ್ಲನು ಈ ಪದವನ್ನೇ ಎತ್ತಿಕೊಂಡನು. ಹೊರಗಿನ ಜಗತ್ತು ಉಂಟೆಂಬ ಸಹಜವಾದ ನಂಬಿಕೆಯನ್ನು ಅಲ್ಲಗಳೆಯದೆ, ಆವರಣಚಿಹ್ನೆಯೊಳಗಿಟ್ಟಂತೆ ಬದಿಗಿರಿಸಿ, ಉಳಿಯುವ ಶುದ್ಧಚೈತನ್ಯದ ಮೇಲೆ ನಿಶ್ಚಿತವಾದ ಶಾಸ್ತ್ರವೊಂದನ್ನು ಕಟ್ಟುವುದು ಆತನ ಉದ್ದೇಶ. ಸೆಕ್ಸ್ಟಸನು ಇದನ್ನು ಕೇಳಿದ್ದರೆ ಹುಸರ್ಲನನ್ನೂ ಸಿದ್ಧಾಂತಿಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸುತ್ತಿದ್ದನು.

ಈ ವ್ಯತ್ಯಾಸವು ಬರಿಯ ಶಬ್ದಾರ್ಥದ ಮಾತೆಂದು ಬಿಡುವಂತಿಲ್ಲ. ೧೯೩೫ರಲ್ಲಿ ವಿಯೆನ್ನಾದಲ್ಲಿ ಮಾಡಿದ ಉಪನ್ಯಾಸದಲ್ಲಿ ಹುಸರ್ಲನು, ಪ್ರಯೋಜನಾಪೇಕ್ಷೆಯಿಲ್ಲದ ಶುದ್ಧ ತತ್ತ್ವದೃಷ್ಟಿಯು ಗ್ರೀಕರಲ್ಲಿ ಮಾತ್ರ ಹುಟ್ಟಿತೆಂದೂ, ಭಾರತ ಚೀನಗಳ ತತ್ತ್ವವಿಚಾರವು ಧಾರ್ಮಿಕವೂ ವ್ಯಾವಹಾರಿಕವೂ ಆದ ದೃಷ್ಟಿಗೆ ಅಧೀನವೆಂದೂ ಹೇಳಿದನು. ಆತನ ಪದ್ಧತಿಗೆ ಹೆಸರನ್ನಿತ್ತ ಗ್ರೀಕರೇ ಚಿತ್ತಶಾಂತಿಯೆಂಬ ಪ್ರಯೋಜನವನ್ನು ಬಯಸಿ ವಿಚಾರಕ್ಕೆ ತೊಡಗಿದವರು. ಅಂದಮೇಲೆ ಈ ವಿಭಾಗವು ನಿಲ್ಲುವುದು ಕಷ್ಟ. ಸಂಶಯವಾದಿಗಳ ಮೂಲಪುರುಷನಾದ ಪಿರ್ಹೋ ಅಲೆಕ್ಸಾಂಡರನ ಕಾಲದಲ್ಲಿ ಭಾರತಕ್ಕೆ ಬಂದು ದಿಗಂಬರ ತಪಸ್ವಿಗಳನ್ನು ಕಂಡನೆಂದು ಡಯೋಜಿನೀಸ್ ಲೇರ್ಟಿಯಸನು ಬರೆದಿರುವುದನ್ನು ಇಲ್ಲಿ ಪ್ರಮಾಣವಾಗಿ ತರಬೇಕಾಗಿಲ್ಲ. ಅದು ಶತಮಾನಗಳ ಬಳಿಕ ಬರೆದ ಮಾತು, ಅದಿಲ್ಲದೆಯೂ ವಾದವು ನಿಲ್ಲುತ್ತದೆ. ಹೆಚ್ಚು ಗಮನಾರ್ಹವಾದುದು ಹುಸರ್ಲನದೇ ಬರವಣಿಗೆ: ಕಾರ್ಲ್ ಆಯ್ಗೆನ್ ನಾಯ್‌ಮನ್ ಜರ್ಮನ್ ಭಾಷೆಗೆ ತಂದ ಬುದ್ಧನ ಉಪದೇಶಗಳನ್ನು ಕುರಿತು ೧೯೨೫ರಲ್ಲಿ ಆತನು ಬಹು ಗೌರವದಿಂದ ಒಂದು ಕಿರುಲೇಖನವನ್ನು ಬರೆದಿದ್ದನು.