ಕರ್ನಾಟಕ ಎಂಬ ಹೆಸರಿಗೆ ಬಂದ ಮೊದಲ ಸಂತೋಷ್ ಟ್ರೋಫಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದರು. ಗದಗಿನ ತ್ರಿಕೂಟೇಶ್ವರ ಗುಡಿಯ ಬಗ್ಗೆಯೋ ನಮ್ಮ ಬೆಟಗೇರಿಯ ವೀರಗಲ್ಲುಗಳ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ಫುಟ್‌ಬಾಲಿನ ಬಗ್ಗೆ ಎಂದಾಗ, "ಅದು ಇತಿಹಾಸ ಹೆಂಗಾಗತೈತ್ರೀ ಸರ?" ಎಂದರು. ಹೇಗಾಗುತ್ತದೆ ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಈಗ ಬೇರೊಂದು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 2023ರ ಮಾರ್ಚ್ 4, ಶನಿವಾರ ರಾತ್ರಿ, ಸೌದಿ ಅರೇಬಿಯಾದ ರಿಯಾದ್ ನಗರದ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ರಾಜ್ಯ ಈ ಟ್ರೋಫಿ ಎತ್ತಿ 54 ವರ್ಷಗಳಾಗಿದ್ದವು. ಈ ಶಾಲೆಗೆ ಈಗ ಐವತ್ತು. ಅಂದರೆ ಕೊನೆಯ ಗೆಲುವು ಬಂದು ಹೋದ ಮೇಲೆ ಈ ಶಾಲೆ ಹುಟ್ಟಿತು. ಇಲ್ಲಿ ಕಲಿತ ಎಷ್ಟೋ ತಂಡದ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡರೂ ನಮ್ಮ ರಾಜ್ಯ ಫುಟ್‌ಬಾಲಿನಲ್ಲಿ ಗೆದ್ದದ್ದನ್ನು ಕಂಡಿರಲಿಲ್ಲ.

ಈ ಟ್ರೋಫಿಯ ಮೂಲವನ್ನು ಮೊದಲು ಹೇಳಿಬಿಡುತ್ತೇನೆ. ಸಂತೋಷ್ ಎಂಬುದು ಒಂದು ಊರಿನ ಹೆಸರು, ಈಗ ಬಾಂಗ್ಲಾದೇಶದಲ್ಲಿದೆ. ಅಲ್ಲಿನ ಮಹಾರಾಜ ಮನ್ಮಥನಾಥ ರಾಯ್ ಚೌಧರಿಯವರ ನೆನಪಿನ ಈ ಟ್ರೋಫಿಗಾಗಿ ಪ್ರಾಂತ ಪ್ರಾಂತಗಳ ತಂಡಗಳು 1941ರಿಂದ ಆಡತೊಡಗಿದವು. ಆಗ ಭಾರತದ ಫುಟ್‌ಬಾಲಿನಲ್ಲಿ ಇದಕ್ಕಿಂತ ದೊಡ್ಡ ಗೌರವ ಇರಲಿಲ್ಲ. ಇಲ್ಲಿ ಚೆನ್ನಾಗಿ ಆಡಿದವರಿಗೆ ಒಲಿಂಪಿಕ್ಸ್ ಬಾಗಿಲು ತೆರೆಯುತ್ತಿತ್ತು. ಬಂಗಾಳ ಇದನ್ನು 30ಕ್ಕೂ ಹೆಚ್ಚು ಸಲ ಗೆದ್ದಿದೆ. ಬಂಗಾಳಕ್ಕೆ ಎದುರು ನಿಂತು ಗೆದ್ದ ಕೆಲವೇ ತಂಡಗಳಲ್ಲಿ ಮೈಸೂರು ಒಂದು. 1946-47, 1952-53, 1967-68, 1968-69 ಹೀಗೆ ನಾಲ್ಕು ಸಲ ಮೈಸೂರು ಪ್ರಶಸ್ತಿ ಗೆದ್ದಿತು. ನಾಲ್ಕೂ ಫೈನಲ್‌ಗಳಲ್ಲಿ ಎದುರಾಳಿ ಬಂಗಾಳವೇ. ಮೂರು ಬೆಂಗಳೂರಿನಲ್ಲಿ ನಡೆದವು, 1967-68ರದ್ದು ಮಾತ್ರ ಕಟಕ್‌ನಲ್ಲಿ.

ಇನ್ನು ಇತಿಹಾಸದ ಮಾತಿಗೆ ಬರುತ್ತೇನೆ. "ನಮ್ಮ ರಾಜ್ಯ ಐದು ಸಲ ಗೆದ್ದಿದೆ" ಎಂದು ಪತ್ರಿಕೆಗಳು ಬರೆದವು. ಲೆಕ್ಕ ಸರಿಯೇ. ಆದರೆ ಬೆಟಗೇರಿಯಲ್ಲಿ ಕೂತು ನೋಡಿದರೆ ಅದರಲ್ಲಿ "ನಮ್ಮ" ಎಂಬ ಮಾತು ಎಲ್ಲಿಂದ ಶುರುವಾಗುತ್ತದೆ?

1946-47ರಲ್ಲಿ ಮೈಸೂರು ಮೊದಲ ಸಲ ಗೆದ್ದಾಗ ಗದಗ-ಬೆಟಗೇರಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಲಕ್ಷ್ಮೇಶ್ವರದ ಜನ ಮೀರಜ ಸಂಸ್ಥಾನದ ಪ್ರಜೆಗಳು, ಶಿರಹಟ್ಟಿಯವರು ಸಾಂಗಲಿ ಸಂಸ್ಥಾನದವರು. ಇಂದು ಒಂದು ಗಂಟೆಯ ಬಸ್ಸಿನ ದಾರಿಯಲ್ಲಿ ಆಗ ಮೂರು ಸರ್ಕಾರಗಳು. ಈ ಮೂರರಲ್ಲಿ ಯಾವುದಕ್ಕೂ ಮೈಸೂರಿನ ಗೆಲುವು ತನ್ನದಲ್ಲ. 1952-53ರಲ್ಲಿ ಮೈಸೂರು ಎರಡನೇ ಸಲ ಗೆದ್ದಾಗ ದೇಶ ಸ್ವತಂತ್ರವಾಗಿತ್ತು, ಸಂಸ್ಥಾನಗಳು ಕರಗಿದ್ದವು, ನಾವು ಮಾತ್ರ ಇನ್ನೂ ಮುಂಬಯಿ ರಾಜ್ಯದಲ್ಲೇ ಇದ್ದೆವು. 1953ರಲ್ಲಿ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಏಕೀಕರಣಕ್ಕಾಗಿ ಉಪವಾಸ ಕೂತದ್ದು ಇದೇ ಕಾಲದಲ್ಲಿ. ಇನ್ನೊಂದು ತಮಾಷೆಯಿದೆ. 1954-55ರಲ್ಲಿ ಮುಂಬಯಿ ತಂಡ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದಿತು. ಕಾಗದಪತ್ರದ ಲೆಕ್ಕದಲ್ಲಿ ಬೆಟಗೇರಿಯವರು ಸಂತೋಷಪಡಬೇಕಾದ ಮೊದಲ ಗೆಲುವು ಅದೇ! ನಮ್ಮ ಮಗ್ಗದ ಮನೆಗಳಲ್ಲಿ ಯಾರಾದರೂ ಅದಕ್ಕೆ ಸಕ್ಕರೆ ಹಂಚಿದ್ದರೆಂದು ನನಗನಿಸುವುದಿಲ್ಲ.

1956ರ ನವೆಂಬರ್ 1ರಂದು ನಾವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದೆವು. ಆದ್ದರಿಂದ 1967-68 ಮತ್ತು 1968-69ರ ಗೆಲುವುಗಳು ನಮ್ಮವೂ ಹೌದು. ಹೆಸರು ಮಾತ್ರ ಮೈಸೂರು. ಆ ಹೆಸರು ಉತ್ತರ ಕರ್ನಾಟಕದವರ ನಾಲಿಗೆಗೆ ಎಷ್ಟು ಒಗ್ಗಿತ್ತೆಂಬುದನ್ನು ಹಿರಿಯರನ್ನು ಕೇಳಿ ತಿಳಿಯಬೇಕು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ಅಂದಿನ ಮುಖ್ಯಮಂತ್ರಿ ದೇವರಾಜ ಅರಸು ಅವರು ನಾಮಕರಣದ ಸಂಭ್ರಮವನ್ನು ಹಂಪಿಯಲ್ಲೂ ಆಮೇಲೆ ನಮ್ಮ ಗದಗಿನಲ್ಲೂ ನಡೆಸಿದರು. ಅದರ ಐವತ್ತನೇ ವರ್ಷದ ಸಂಭ್ರಮವೂ 2023ರ ನವೆಂಬರ್ 3ರಂದು ಗದಗಿನಲ್ಲಿ ನಡೆದದ್ದನ್ನು ನೀವೆಲ್ಲ ನೋಡಿದ್ದೀರಿ.

ಈಗ ಎರಡೂ ಲೆಕ್ಕ ಕೂಡಿಸಿ ನೋಡಿ. ನಾಲ್ಕು ಗೆಲುವುಗಳೂ ಮೈಸೂರು ಎಂಬ ಹೆಸರಿನವು. ಹೆಸರು ಬದಲಾದ ಮೇಲೆ 1975-76ರಲ್ಲಿ ಕೋಯಿಕ್ಕೋಡಿನಲ್ಲಿ ಕರ್ನಾಟಕ ಫೈನಲ್ ತಲುಪಿ ಬಂಗಾಳಕ್ಕೆ ಸೋತಿತು. ಆಮೇಲೆ 47 ವರ್ಷ ಫೈನಲ್ಲೂ ಇಲ್ಲ. ರಿಯಾದಿನ ಆ ರಾತ್ರಿ ಗೆದ್ದದ್ದು ಕರ್ನಾಟಕ ಎಂಬ ಹೆಸರಿಗೆ ಬಂದ ಮೊಟ್ಟಮೊದಲ ಸಂತೋಷ್ ಟ್ರೋಫಿ. ಹೆಸರಿಗೆ ಐವತ್ತು ತುಂಬಲು ಎಂಟು ತಿಂಗಳು ಬಾಕಿಯಿದ್ದಾಗ ಅದು ಕೈಸೇರಿತು. ನಾಮಕರಣದ ಸಂಭ್ರಮದಲ್ಲಿ ಈ ಮಾತನ್ನು ಯಾರಾದರೂ ವೇದಿಕೆಯಿಂದ ಆಡಬಹುದೆಂದು ನಾನು ಕಾದಿದ್ದೆ. ಇರಲಿ.

ಮೈಸೂರು ತಂಡದ ವೈಭವ ಸಣ್ಣದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಮೊದಲ ಸಲ ಆಡಿತು. ಫ್ರಾನ್ಸ್ ವಿರುದ್ಧ 2-1ರಿಂದ ಸೋತರೂ, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಅವರ ಕಾಲಿನಲ್ಲಿ ಚೆಂಡು ಆಡುವ ಪರಿ ನೋಡಿ ಜನ ಅವರನ್ನು ಹಾವಾಡಿಗನೆಂದು ಕರೆದರು. ಅಹ್ಮದ್ ಖಾನ್, ಧನರಾಜ್ ಇಬ್ಬರೂ ಬೆಂಗಳೂರು ಬಿಟ್ಟು ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ "ಪಂಚಪಾಂಡವರ" ಪೈಕಿ ಇಬ್ಬರಾದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ಆ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಒಳ್ಳೆಯ ಆಟಗಾರರನ್ನು ಕೋಲ್ಕತ್ತ ಕರೆದುಕೊಳ್ಳುತ್ತಲೇ ಇತ್ತು, ಆದರೂ ಮೈಸೂರು ಬಂಗಾಳವನ್ನು ಸೋಲಿಸುತ್ತಿತ್ತು.

ಆಮೇಲೆ ಏನಾಯಿತು? ಬೆಂಗಳೂರಿನ ಫುಟ್‌ಬಾಲನ್ನು ಬಹುಕಾಲ ಹೊತ್ತದ್ದು ಎಚ್‌ಎಎಲ್, ಐಟಿಐನಂಥ ಸರ್ಕಾರಿ ಕಾರ್ಖಾನೆಗಳ ತಂಡಗಳು. ಆಟಗಾರನಿಗೆ ಕಾರ್ಖಾನೆಯಲ್ಲಿ ಒಂದು ನೌಕರಿ, ಸಂಜೆ ಮೈದಾನ. ಸಂಬಳದ ಭರವಸೆಯಿದ್ದುದರಿಂದ ಬಡವರ ಮನೆಯ ಹುಡುಗ ಧೈರ್ಯವಾಗಿ ಆಡುತ್ತಿದ್ದ. ಕಾರ್ಖಾನೆಗಳಲ್ಲಿ ನೇಮಕಾತಿ ನಿಂತಂತೆ ತಂಡಗಳೂ ಸೊರಗಿದವು. ಅತ್ತ 1996ರಲ್ಲಿ ರಾಷ್ಟ್ರೀಯ ಲೀಗ್, 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದವು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಹಣ, ಟೀವಿ, ಜನ ಎಲ್ಲವೂ ಕ್ಲಬ್ಬುಗಳ ಕಡೆ ಹರಿದವು. ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎರಡನೇ ಸಾಲಿಗೆ ಸರಿಯಿತು. ಇಂದು ದೊಡ್ಡ ಕ್ಲಬ್ಬುಗಳ ತಾರೆಯರು ಅಲ್ಲಿ ಆಡುವುದಿಲ್ಲ. "ಅಂಥ ಟ್ರೋಫಿ ಗೆದ್ದರೆಷ್ಟು ಬಿಟ್ಟರೆಷ್ಟು" ಎನ್ನುವವರೂ ಇದ್ದಾರೆ. ನಾನು ಹಾಗೆನ್ನಲಾರೆ. ಕ್ಲಬ್ಬಿಗೆ ಮಾಲೀಕನಿರುತ್ತಾನೆ; ರಾಜ್ಯದ ತಂಡಕ್ಕೆ ಹೆಸರು ಕೊಟ್ಟವರು ನಾವು.

ಆ ಗೆಲುವಿನ ಹಿಂದಿನ ವರ್ಷವನ್ನು ಮರೆಯಬಾರದು. 2022ರ ಏಪ್ರಿಲ್‌ನಲ್ಲಿ ಕೇರಳದ ಮಂಜೇರಿಯಲ್ಲಿ ಸೆಮಿಫೈನಲ್. ಕರ್ನಾಟಕವೇ ಮೊದಲು ಗೋಲು ಹೊಡೆದಿತ್ತು. ಆಮೇಲೆ ಕೇರಳ ಜೆಸಿನ್ ಎಂಬ ಹುಡುಗನನ್ನು ಬದಲಿ ಆಟಗಾರನಾಗಿ ಇಳಿಸಿತು. ಅವನೊಬ್ಬನೇ ಐದು ಗೋಲು ಹೊಡೆದ. 7-3. ರಾಜ್ಯ ತಂಡವೊಂದು ಸೆಮಿಫೈನಲ್‌ನಲ್ಲಿ ಏಳು ಗೋಲು ತಿಂದು ಬಂದರೆ ಊರಿಗೆ ಮುಖ ತೋರಿಸುವುದು ಕಷ್ಟ. ಹತ್ತು ತಿಂಗಳ ನಂತರ, 2023ರ ಫೆಬ್ರವರಿಯಲ್ಲಿ, ಭುವನೇಶ್ವರದ ಅಂತಿಮ ಸುತ್ತಿನಲ್ಲಿ ಅದೇ ಕೇರಳ ಎದುರಾಯಿತು. ಈ ಸಲ ಕರ್ನಾಟಕ 1-0 ಗೆದ್ದಿತು. ಹಾಲಿ ಚಾಂಪಿಯನ್ ಕೇರಳ ಗುಂಪಿನ ಹಂತದಲ್ಲೇ ಮನೆಗೆ ಹೋಯಿತು.

ಸೆಮಿಫೈನಲ್, ಫೈನಲ್ ಎರಡೂ ರಿಯಾದಿನಲ್ಲಿ. ಸಂತೋಷ್ ಟ್ರೋಫಿ ದೇಶದ ಹೊರಗೆ ಹೋದದ್ದು ಅದೇ ಮೊದಲು. ಸೆಮಿಫೈನಲ್‌ನಲ್ಲಿ ಸರ್ವೀಸಸ್ ತಂಡ ಮೊದಲು ಗೋಲು ಹೊಡೆದರೂ ಕರ್ನಾಟಕ 3-1ರಿಂದ ಗೆದ್ದಿತು. ಫೈನಲ್‌ನ ಎರಡನೇ ನಿಮಿಷದಲ್ಲೇ ಎಂ. ಸುನಿಲ್ ಕುಮಾರ್ ಗೋಲು ಹೊಡೆದರು. ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿಕೊಂಡಿತು. ಬೆಕೆ ಓರಂ ಮತ್ತೆ ಮುನ್ನಡೆ ಕೊಟ್ಟರು. ವಿರಾಮಕ್ಕೆ ಸ್ವಲ್ಪ ಮೊದಲು ರಾಬಿನ್ ಯಾದವ್ ದೂರದಿಂದ ಒದ್ದ ಫ್ರೀ ಕಿಕ್ ನೇರ ಬಲೆಯೊಳಗೆ. ವಿರಾಮದ ನಂತರ ಮೇಘಾಲಯ ಇನ್ನೊಂದು ಗೋಲು ಹೊಡೆದಾಗ ಸುಮಾರು ಅರ್ಧ ಗಂಟೆ ಆಟ ಬಾಕಿಯಿತ್ತು. ಆ ಅರ್ಧ ಗಂಟೆಯನ್ನು ಕರ್ನಾಟಕ ಹಲ್ಲು ಕಚ್ಚಿ ದಾಟಿತು. ನಾಯಕ ಕಾರ್ತಿಕ್ ಗೋವಿಂದಸ್ವಾಮಿ ಟ್ರೋಫಿ ಎತ್ತಿದರು. ತರಬೇತುದಾರ ರವಿಬಾಬು ರಾಜು. ಮರುವರ್ಷ ಪ್ರಶಸ್ತಿ ಸರ್ವೀಸಸ್ ಪಾಲಾಯಿತು, ಅದೂ ಹೇಳಬೇಕಾದ ಮಾತೇ. ಆದರೆ ಅದೇ 2023-24ರಲ್ಲಿ ಎಸ್‌ಸಿ ಬೆಂಗಳೂರು ಎಂಬ ಕ್ಲಬ್ ಮೂರನೇ ದರ್ಜೆಯ ಐ-ಲೀಗ್ 2 ಗೆದ್ದು ಎರಡನೇ ದರ್ಜೆಯ ಐ-ಲೀಗ್‌ಗೆ ಬಡ್ತಿ ಪಡೆಯಿತು.

ಫೈನಲ್ ಮುಗಿದ ಸೋಮವಾರ ನಾನು ಒಂಬತ್ತನೇ ತರಗತಿಯಲ್ಲಿ ಏಕೀಕರಣದ ಪಾಠ ಬಿಟ್ಟು ಪತ್ರಿಕೆಯ ಸುದ್ದಿ ಓದಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ, ಅವ್ರೆಲ್ಲಾ ಬೆಂಗಳೂರವ್ರು ಏನ್ರೀ?"

ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡುವವರಪ್ಪಾ, ಹೊರ ರಾಜ್ಯದಿಂದ ಬಂದು ಅಲ್ಲಿ ನೆಲೆಸಿದವರೂ ಇದ್ದಾರೆ ಎಂದೆ. "ಹಂಗಾದ್ರ ನಮ್ದು ಹೆಂಗಾತ್ರೀ?" ಎಂದ.

ಪ್ರಶ್ನೆ ಸರಿಯಾಗಿತ್ತು. ನಾನು ಈ ಲೇಖನದ ಮೊದಲ ಅರ್ಧವನ್ನೆಲ್ಲ ಅವನಿಗೆ ಹೇಳಿದೆ. ಹುಡುಗ ಕೇಳಿಸಿಕೊಂಡ, ಒಪ್ಪಲಿಲ್ಲ. ನಕಾಶೆಯಲ್ಲಿ ಸೇರುವುದು ಬೇರೆ, ತಂಡದಲ್ಲಿ ಸೇರುವುದು ಬೇರೆ ಎಂಬುದು ಅವನ ವಾದ. ನಮ್ಮ ಸರ್ಕಾರಿ ಶಾಲೆಯ ಮಕ್ಕಳು ವಲಯ, ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ ದಾಟಿ ರಾಜ್ಯ ಮಟ್ಟಕ್ಕೆ ಹೋಗಬೇಕು. ಅಲ್ಲಿಂದ ಮುಂದಿನ ದಾರಿ ಬೆಂಗಳೂರಿನ ಕ್ಲಬ್ಬುಗಳ ಮೂಲಕವೇ. ಗದಗಿನ ಸುನಿಲ್ ಜೋಶಿ ಕ್ರಿಕೆಟ್ ಕಲಿಯಲು ಬೆಳಗಿನ ಜಾವ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಬಂದು ಶಾಲೆಗೆ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರಿಗೆ ಆರು ರನ್ ಕೊಟ್ಟು ಐದು ವಿಕೆಟ್ ಕಿತ್ತರು. ಹುಬ್ಬಳ್ಳಿಗಾದರೆ ರೈಲು ಹತ್ತಿ ಮಧ್ಯಾಹ್ನಕ್ಕೆ ಮರಳಬಹುದು. ಬೆಂಗಳೂರಿಗೆ ಹೋದ ಹುಡುಗ ಅಂದೇ ಮರಳಿ ಶಾಲೆಯ ಗಂಟೆಗೆ ಬರಲಾರ.

ನಾವು ಓದುವಾಗ ನಮ್ಮ ಶಾಲೆಗೆ ಇದ್ದದ್ದು ಒಂದೇ ಫುಟ್‌ಬಾಲು. ಬ್ಲಾಡರ್ ಹರಿದರೆ ಸೈಕಲ್ ಅಂಗಡಿಯಲ್ಲಿ ಪಂಚರ್ ಹಾಕಿಸಿ ತರುತ್ತಿದ್ದೆವು. ಈಗಿನ ಮಕ್ಕಳಿಗೆ ಚೆಂಡಿನ ಕೊರತೆಯಿಲ್ಲ. ಅಂದು ಸಂಜೆ ಆಟದ ಪಿರಿಯಡ್ಡಿನಲ್ಲಿ ಎರಡೆರಡು ಕಲ್ಲಿಟ್ಟು ಗೋಲು ಮಾಡಿದರು. ಒಂದು ಕಡೆಯವರು ಕರ್ನಾಟಕ ಎಂದಾಯಿತು. ಇನ್ನೊಂದು ಕಡೆಯವರು ಮೇಘಾಲಯವಾಗಲು ಸುತರಾಂ ಒಪ್ಪಲಿಲ್ಲ. ಜಗಳ ಪಿ.ಟಿ. ಮಾಸ್ತರರವರೆಗೆ ಹೋಗಿ ನನ್ನ ಹತ್ತಿರ ಬಂತು. ಹಾಗಾದರೆ ನೀವು ಮೈಸೂರು ಆಗಿ ಎಂದೆ. ಹಿಂದಿನ ಬೆಂಚಿನ ಹುಡುಗ ಆ ಕಡೆ ಗೋಲಿಗೆ ನಿಂತ. ಗಂಟೆ ಬಾರಿಸುವ ಹೊತ್ತಿಗೆ ಮೈಸೂರು ಎರಡು ಗೋಲು ಮುಂದಿತ್ತು.